ಬಿಸಿಲಿಗೆ ಬಾಡಿಗೆಯೋ, ಯೂನಿಟ್ಟಿಗೆ ದುಡ್ಡೋ?

ಐವತ್ತು ಮನೆಗಳು ಸೇರಿ ಒಂದೇ ಸೋಲಾರ್ ಘಟಕ, ಒಂದೇ ಬ್ಯಾಟರಿ ಹಂಚಿಕೊಂಡಿವೆ ಅಂದುಕೊಳ್ಳಿ. ಅದನ್ನು ನಡೆಸೋಕೆ ಒಂದು ಕಂಪನಿ ಇದೆ. ಆ ಕಂಪನಿ ದುಡ್ಡು ಹೇಗೆ ಕೇಳಬೇಕು? ಉರಿಸಿದ ಯೂನಿಟ್ಟಿಗೆ ಇಷ್ಟು ಅಂತಲೋ, ಬಾಡಿಗೆ ಥರ ತಿಂಗಳಿಗೆ ಇಷ್ಟೇ ಅಂತಲೋ? ತಿಂಗಳ ಶುಲ್ಕವೇ ಸರಿ ಅನ್ನುವವರ ಮಾತು ಮೊದಲು.

ಪರ: ಖರ್ಚು ನಿಗದಿ, ಬಿಲ್ಲೂ ನಿಗದಿ ಇರಲಿ

ಡೀಸೆಲ್ ಜನರೇಟರ್ ಓಡಿಸುವವನಿಗೆ ಪ್ರತಿ ಯೂನಿಟ್ಟಿಗೂ ಎಣ್ಣೆ ಸುಡಬೇಕು. ಅವನು ಯೂನಿಟ್ ಲೆಕ್ಕದಲ್ಲಿ ಕೇಳಿದರೆ ಒಪ್ಪೋಣ. ಆದರೆ ಬಿಸಿಲಿಗೆ ಯಾರೂ ಬಿಲ್ ಕಳಿಸುವುದಿಲ್ಲ. ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ, ತಂತಿ ಅಂತ ಹೆಚ್ಚುಕಮ್ಮಿ ಎಲ್ಲ ದುಡ್ಡೂ ಕೆಲಸ ಶುರುವಾಗುವ ಮೊದಲೇ ಹೋಗಿರುತ್ತದೆ. ಆಮೇಲೆ ಉಳಿಯುವುದು ಸಾಲದ ಕಂತು, ಪ್ಯಾನೆಲ್ ತೊಳೆಯುವ ಕೂಲಿ, ಆಗಾಗ ಒಂದು ರಿಪೇರಿ. ನೀವು ಇವತ್ತು ಫ್ಯಾನ್ ಹಾಕಿದರೂ ಹಾಕದಿದ್ದರೂ ಕಂತು ಅಷ್ಟೇ.

ಯೂನಿಟ್ ಮಾರಿ ಬದುಕುವ ಕಂಪನಿಗೆ ಜನ ಜಾಸ್ತಿ ಉರಿಸಿದಷ್ಟೂ ಲಾಭ. ಹಳೇ ಫ್ರಿಜ್ ಬದಲಿಸಿ ಅಂತ ಅದು ನಿಮಗೆ ಯಾಕೆ ಹೇಳೀತು? ತಿಂಗಳ ಶುಲ್ಕ ತೆಗೆದುಕೊಳ್ಳುವ ಕಂಪನಿಗೆ ಲೆಕ್ಕ ಉಲ್ಟಾ. ಬಳಕೆ ಇಳಿದರೆ ಮುಂದಿನ ಸಲ ಚಿಕ್ಕ ಬ್ಯಾಟರಿ ಸಾಕು. ಉಳಿದ ದುಡ್ಡು ಅದರದ್ದೇ.

ಇನ್ನೊಂದು ತಲೆನೋವು ನೋಡಿ. ಹತ್ತು ಮನೆಯವರು ಸ್ವಂತ ಪ್ಯಾನೆಲ್ ಹಾಕಿಸಿಕೊಂಡರು. ಕಂಪನಿಯಿಂದ ಕೊಳ್ಳುವ ಯೂನಿಟ್ ಅರ್ಧಕ್ಕಿಳಿಯಿತು. ಮೋಡ ಕವಿದ ದಿನ ಮಾತ್ರ ಅವರಿಗೂ ಅದೇ ತಂತಿ, ಅದೇ ಬ್ಯಾಟರಿ ಬೇಕು! ಅವರು ಕೊಡದ ದುಡ್ಡು ಉಳಿದ ನಲವತ್ತು ಮನೆಗಳ ತಲೆ ಮೇಲೆ ಬೀಳುತ್ತದೆ. ದರ ಏರಿತು ಅಂತ ಇನ್ನೂ ನಾಲ್ಕು ಮನೆಯವರು ಪ್ಯಾನೆಲ್ ಅಂಗಡಿಗೆ ಹೋಗುತ್ತಾರೆ. ನೆದರ್ಲೆಂಡ್ಸ್ 2009ರಲ್ಲಿ ಮನೆಗಳ ಜಾಲ ಶುಲ್ಕವನ್ನು ಯೂನಿಟ್ ಲೆಕ್ಕದಿಂದ ಬಿಡಿಸಿ, ಸಂಪರ್ಕದ ಗಾತ್ರಕ್ಕೆ ಕಟ್ಟಿತು. ಅದು ತಂತಿಯ ಬಾಡಿಗೆ ಮಾತ್ರ, ಕರೆಂಟಿನ ಬೆಲೆ ಬೇರೆ. ಆದರೆ ಎಲ್ಲರಿಗೂ ಸೇರಿದ್ದಕ್ಕೆ ಎಲ್ಲರೂ ಕೊಡಬೇಕು ಅನ್ನುವ ಲೆಕ್ಕ ಅದೇ ಅಲ್ವಾ?

ವಿರೋಧ: ಸಂಜೆ ಏಳಕ್ಕೆ ಬಂದು ನೋಡಿ

ಬಿಸಿಲು ಪುಕ್ಕಟೆ ಅನ್ನುವ ಮಾತು ಮಧ್ಯಾಹ್ನಕ್ಕೆ ಸರಿ. ಸೂರ್ಯ ಮುಳುಗಿದ ಮೇಲೆ ಎಲ್ಲರೂ ಬ್ಯಾಟರಿಗೇ ಕೈ ಹಾಕುತ್ತಾರೆ. ಬ್ಯಾಟರಿ ತುಂಬಿ ಖಾಲಿಯಾದಷ್ಟೂ ಸವೆಯುತ್ತದೆ. ಅಂದ ಮೇಲೆ ರಾತ್ರಿಯ ಯೂನಿಟ್ಟಿಗೆ ಖರ್ಚಿಲ್ಲ ಅಂದವರು ಯಾರು?

ಒಂದು ಮನೆಯವರು ಕೆಲಸದಿಂದ ಬಂದು ಕಾರು ಚಾರ್ಜಿಗೆ ಹಚ್ಚುತ್ತಾರೆ. 7 ಕಿಲೋವ್ಯಾಟ್. ಪಕ್ಕದ ಮನೆಯಲ್ಲಿ ಅಜ್ಜಿ ಒಬ್ಬರೇ. ಎರಡು ಬಲ್ಬು, ಒಂದು ಟಿವಿ, ಹೆಚ್ಚೆಂದರೆ 100 ವ್ಯಾಟ್. ಕಾರು ಎಳೆಯುವುದು ಅದರ 70 ಪಟ್ಟು. ತಿಂಗಳ ಕೊನೆಗೆ ಇಬ್ಬರಿಗೂ ಒಂದೇ ಬಿಲ್! ದುಡ್ಡು ಕಟ್ಟಿಯಾಗಿದೆ, ಸುಮ್ನೆ ಯಾಕೆ ಬಿಡಬೇಕು ಅಂತ ನಾಳೆ ಇನ್ನೊಬ್ಬರೂ ಕಾರು ತರುತ್ತಾರೆ. ಆಗ ದೊಡ್ಡ ಬ್ಯಾಟರಿ ಬೇಕಾಗುತ್ತದೆ, ಅದರ ಕಂತನ್ನು ಅಜ್ಜಿಯೂ ಕಟ್ಟಬೇಕು.

ಸ್ಕಾಟ್ಲೆಂಡಿನ ಐಗ್ ದ್ವೀಪದವರು ಇದನ್ನು ಚೆನ್ನಾಗಿ ಬಲ್ಲರು. ನೂರರ ಆಸುಪಾಸು ಜನ, ಹೊರಗಿನ ಜಾಲದ ತಂತಿ ಅಲ್ಲಿಗೆ ಬಂದಿಲ್ಲ. 2008ರಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ತಮ್ಮದೇ ಕಂಪನಿ ಶುರು ಮಾಡಿದರು. ಅಲ್ಲಿ ಯೂನಿಟ್ಟಿಗೆ ದುಡ್ಡೂ ಇದೆ, ಮೇಲೊಂದು ಮಿತಿಯೂ ಇದೆ. ಮನೆಗೆ 5 ಕಿಲೋವ್ಯಾಟ್, ವ್ಯಾಪಾರಕ್ಕೆ 10. ಕೆಟಲ್ ಒಂದೇ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ವಾಷಿಂಗ್ ಮೆಷಿನ್ ನೀರು ಕಾಯಿಸುವ ಹೊತ್ತಿಗೆ 2 ದಾಟುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಮನೆಯ ಕರೆಂಟ್ ಟ್ರಿಪ್. ಹಾಗಾಗಿ ಮೊದಲು ಟೀ, ಆಮೇಲೆ ಬಟ್ಟೆ. ಉತ್ಪಾದನೆ ಹೆಚ್ಚಾದ ದಿನ ಮಿಕ್ಕಿದ್ದು ಊರಿನ ಕಟ್ಟಡಗಳನ್ನು ಬೆಚ್ಚಗಿಡುತ್ತದೆ.

ತಂತಿಯ ಬಾಡಿಗೆ ಎಲ್ಲರೂ ಕೊಡಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಎಲ್ಲರಿಗೂ ಒಂದೇ ಬಾಡಿಗೆ ಯಾಕೆ? ಬೆಲ್ಜಿಯಂನ ಫ್ಲಾಂಡರ್ಸ್ 2023ರ ಜನವರಿಯಿಂದ ಜಾಲ ಶುಲ್ಕದ ಒಂದು ಭಾಗವನ್ನು ತಿಂಗಳಲ್ಲಿ ಅತಿ ಹೆಚ್ಚು ಎಳೆದ ಕಾಲು ಗಂಟೆಯ ಲೆಕ್ಕಕ್ಕೆ ಕಟ್ಟಿದೆ. ಕನಿಷ್ಠ 2.5 ಕಿಲೋವ್ಯಾಟಿನ ಶುಲ್ಕ ಎಲ್ಲರೂ ಕೊಡಬೇಕು. ಅದರ ಮೇಲೆ ಎಳೆದವರು ಜಾಸ್ತಿ ಕೊಡುತ್ತಾರೆ. ಕಾರಿನವರು ನಿಧಾನಕ್ಕೆ ರಾತ್ರಿಯಿಡೀ ಚಾರ್ಜ್ ಮಾಡಿದರೆ ಅವರಿಗೂ ಉಳಿತಾಯ.

ಕಂಪನಿಯ ಚಾಳಿ ಬಗ್ಗೆ ಹೇಳಿದಿರಲ್ಲ, ತಿಂಗಳ ಶುಲ್ಕದವರಿಗೂ ಒಂದು ಚಾಳಿ ಇದೆ. ಇನ್ವರ್ಟರ್ ಕೆಟ್ಟು ಮೂರು ದಿನ ಕತ್ತಲಾದರೂ ಅವರ ದುಡ್ಡು ಬಂದೇ ಬರುತ್ತದೆ. ಒಪ್ಪಂದದಲ್ಲಿ ದಂಡ ಬರೆಸಬಹುದು ಅಂತೀರಾ? ಬರೆಸಿ. ಅದನ್ನು ವಸೂಲಿ ಮಾಡೋಕೆ ಮತ್ತೆ ನೀವೇ ಓಡಾಡಬೇಕು. ಯೂನಿಟ್ ಮಾರುವವನಿಗೆ ಮೀಟರ್ ನಿಂತರೆ ಆದಾಯವೂ ನಿಂತಿತು. ಅವನು ಅದೇ ರಾತ್ರಿ ಟಾರ್ಚ್ ಹಿಡಿದು ಬರುತ್ತಾನೆ.