ಪಂಗಡವಿಲ್ಲದವರ ಪಂಗಡ

ಪಂಗಡಗಳ ಜಗಳಕ್ಕೆ ಬೇಸತ್ತು ಹೊರಬಂದ ಮತ್ತೊಂದು ಗುಂಪು, ತಾನು ಯಾವ ಪಂಗಡಕ್ಕೂ ಸೇರಿದ್ದಲ್ಲವೆಂದೂ ತನ್ನವರು ಬರೀ ಕ್ರೈಸ್ತರೆಂದೂ ಸಾರಿಕೊಂಡಿದೆ. ಬಹಳ ಸಂತೋಷ. ಕ್ರೈಸ್ತರಾಗುವಾಗ ನೀರಿನಿಂದ ಮಾಡುವ ದೀಕ್ಷಾಸ್ನಾನವನ್ನು ತಮ್ಮ ರೀತಿಯಲ್ಲಿ ಪಡೆಯದವರಿಗೆ ಮೋಕ್ಷ ಸಿಗುವ ಬಗ್ಗೆ ಹೇಳಿಕೆಯ ಕೊನೆಯಲ್ಲಿ ಸಣ್ಣದೊಂದು ಅನುಮಾನವನ್ನೂ ಸೂಚಿಸಿರುವುದರಿಂದ, ಒಗ್ಗಟ್ಟಿನ ಕೆಲಸ ಶುರುವಾಗಿದೆ ಎಂದೇ ತಿಳಿಯಬೇಕು.

ಈ ಔಷಧ ಹೊಸದಲ್ಲ. ಏನನ್ನು ನಂಬಬೇಕೆಂದು ಮನುಷ್ಯರು ಬರೆದ ವಿಶ್ವಾಸಪ್ರಮಾಣಗಳನ್ನೆಲ್ಲ ಬದಿಗಿಟ್ಟು ಬೈಬಲೊಂದನ್ನೇ ಹಿಡಿದರೆ ಎಲ್ಲರೂ ಒಂದಾಗುತ್ತಾರೆಂದು ನಂಬಿದ ಬೋಧಕರಾದ ಬಾರ್ಟನ್ ಸ್ಟೋನ್ ಮತ್ತು ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಅವರ ಅನುಯಾಯಿಗಳು 1832ರಲ್ಲಿ ಅಮೆರಿಕದಲ್ಲಿ ಕೈಜೋಡಿಸಿದರು. ಆಮೇಲೆ ಆರಾಧನೆಯಲ್ಲಿ ವಾದ್ಯ ನುಡಿಸಬಹುದೇ, ಧರ್ಮಪ್ರಚಾರಕ್ಕೆ ಪ್ರತ್ಯೇಕ ಸಂಘ ಕಟ್ಟಬಹುದೇ ಎಂಬ ಪ್ರಶ್ನೆಗಳು ಎದ್ದವು. ಹಿಡಿದಿದ್ದ ಬೈಬಲು ಒಂದೇ ಆಗಿದ್ದರೂ ಸಿಕ್ಕ ಉತ್ತರಗಳು ಎರಡಾದವು. 1906ರ ಧಾರ್ಮಿಕ ಗಣತಿಯಲ್ಲಿ ಸರ್ಕಾರ ಇವರನ್ನು ಎರಡು ಪಂಗಡಗಳೆಂದು ಬೇರೆ ಬೇರೆ ಎಣಿಸಿತು. ದೇವಶಾಸ್ತ್ರಜ್ಞರು ಒಪ್ಪದ ಸತ್ಯವನ್ನು ಗುಮಾಸ್ತರು ಎಷ್ಟು ಸಲೀಸಾಗಿ ಬರೆದುಕೊಳ್ಳುತ್ತಾರೆ ನೋಡಿ.

ರಷ್ಯದ ವಿವಾದ ಇನ್ನೂ ಸೂಕ್ಷ್ಮವಾದದ್ದು. ಶಿಲುಬೆಯ ಗುರುತು ಹಾಕುವಾಗ ಎರಡು ಬೆರಳು ಸೇರಿಸಬೇಕೋ ಮೂರೋ, ಹಲ್ಲೆಲೂಯ ಎಂದು ಎರಡು ಸಲ ಹಾಡಬೇಕೋ ಮೂರು ಸಲವೋ ಎಂಬುದನ್ನು 1650ರ ದಶಕದಲ್ಲಿ ಅಲ್ಲಿನ ಚರ್ಚಿನ ಮುಖ್ಯಸ್ಥ, ಮಹಾಪಿತೃ ನಿಕೋನ್ ತಿದ್ದಲು ಹೊರಟರು. ಹಳೆಯ ಪದ್ಧತಿಯನ್ನು ಬಿಡೆನೆಂದ ಪಾದ್ರಿ ಅವ್ವಾಕುಮ್‌ನನ್ನು 1682ರಲ್ಲಿ ಸುಟ್ಟು ಕೊಂದರು. ಒಂದು ಬೆರಳಿನ ವ್ಯತ್ಯಾಸಕ್ಕೆ ಇಷ್ಟು ಗಮನ ಕೊಡುವ ಪಾಂಡಿತ್ಯವನ್ನು ಮೆಚ್ಚಲೇಬೇಕು.

ಒಮ್ಮತವಾದಾಗಲೂ ನಮ್ಮ ಪಂಡಿತರು ಧೃತಿಗೆಡುವುದಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಎದುರು ಬದುರು ಕುಳಿತ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಹದಿನೈದು ಅಂಶಗಳಲ್ಲಿ ಹದಿನಾಲ್ಕನ್ನು ಒಪ್ಪಿದರು; ಕ್ರಿಸ್ತನ ಕೊನೆಯ ಊಟದ ನೆನಪಿನ ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ಶರೀರ ಯಾವ ಅರ್ಥದಲ್ಲಿದೆ ಎಂಬ ಉಳಿದೊಂದಕ್ಕಾಗಿ ಬೇರೆಯಾಗಿಯೇ ಎದ್ದು ಹೋದರು. ಅದಕ್ಕೆ ಎರಡು ವರ್ಷ ಮೊದಲು, ಅದೇ ಜ್ವಿಂಗ್ಲಿಯ ಊರಾದ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ, ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವಷ್ಟು ಬೆಳೆದವರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲುತ್ತದೆ ಎಂದ ಫೆಲಿಕ್ಸ್ ಮಾನ್ಜ್‌ನನ್ನು ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದಿದ್ದರು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಕೈಕಾಲು ಕಟ್ಟಿ ನೀರಿಗೆ ತಳ್ಳಿದವರೂ ಬೈಬಲ್ ಓದಿದವರೇ, ಮುಳುಗಿದವನೂ ಓದಿದವನೇ. ಇಷ್ಟೆಲ್ಲ ಆದ ಮೇಲೂ ಯಾರ ದೀಕ್ಷಾಸ್ನಾನ ಅಸಲಿ ಎಂದು ಈಗಲೂ ಗಂಟಲು ಹರಿದುಕೊಳ್ಳುವವರನ್ನು ಕಂಡರೆ ಸುಸ್ತಾಗುತ್ತದೆ.

ಕ್ರಿಸ್ತನ ಸಮಾಧಿಯಿದೆಯೆಂದು ನಂಬಲಾಗುವ ಜೆರುಸಲೇಮಿನ ಚರ್ಚಿನಲ್ಲಾದರೂ ಸಮಾಧಾನವಿದೆಯೇ ಎಂದರೆ, ಅದನ್ನು ಆರು ಪಂಗಡಗಳು ಹಂಚಿಕೊಂಡಿವೆ. ಬಾಗಿಲಿನ ಕೀಲಿಕೈಯನ್ನು ಶತಮಾನಗಳಿಂದ ಕಾಯುತ್ತಿರುವುದು ಮುಸ್ಲಿಂ ಮನೆತನ. ಬುದ್ಧಿವಂತಿಕೆಯ ಏರ್ಪಾಡೆಂದರೆ ಅದೊಂದೇ. 2002ರಲ್ಲಿ ಅಲ್ಲಿನ ಚಾವಣಿಯ ಮೇಲೆ ಈಜಿಪ್ಟಿನ ಕಾಪ್ಟಿಕ್ ಪಂಗಡದ ಸನ್ಯಾಸಿಯೊಬ್ಬರು ಕುರ್ಚಿಯನ್ನು ನೆರಳಿಗೆ ಸರಿಸಿಕೊಂಡರೆಂದು ಇಥಿಯೋಪಿಯದ ಸನ್ಯಾಸಿಗಳೊಂದಿಗೆ ಹೊಡೆದಾಟವಾಗಿ ಹನ್ನೊಂದು ಮಂದಿ ಆಸ್ಪತ್ರೆ ಸೇರಿದರು. 2008ರ ನವೆಂಬರಿನಲ್ಲಿ ಗ್ರೀಕ್ ಮತ್ತು ಆರ್ಮೇನಿಯನ್ ಸನ್ಯಾಸಿಗಳು ಸಮಾಧಿಯ ಪಕ್ಕದಲ್ಲೇ ಮುಷ್ಟಿಯುದ್ಧ ನಡೆಸಿದರು. ಶಿಲುಬೆ ದೊರೆತದ್ದರ ನೆನಪಿನ ಮೆರವಣಿಗೆ ಅದು. ಇಸ್ರೇಲಿ ಪೊಲೀಸರು ಒಳಗೆ ನುಗ್ಗಿ, ಯಾರಿಗೂ ಪಕ್ಷಪಾತವಾಗದಂತೆ, ಎರಡೂ ಕಡೆಯಿಂದ ಒಬ್ಬೊಬ್ಬ ಸನ್ಯಾಸಿಯನ್ನು ಹಿಡಿದುಕೊಂಡು ಹೋದರು.