ಎಡಗೈ ಅಲ್ಲಾಡಿಸಬೇಡಿ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಅಮ್ಮನಿಗೆ ಫೋನಿನಲ್ಲಿ "ಬೆಳಿಗ್ಗೆ ಸರ್ಜರಿಗೆ ಹೋಗಿದ್ದೆ" ಅಂದುಬಿಟ್ಟೆ. ಇಲ್ಲಿ ಏರಿಯಾದ ಡಾಕ್ಟರ್ ಷಾಪಿಗೇ ಸರ್ಜರಿ ಅಂತಾರೆ, ಕತ್ತರಿ-ಚಾಕು ಏನೂ ಇರಲ್ಲ ಅಂತ ಬಿಡಿಸಿ ಹೇಳೋಷ್ಟರಲ್ಲಿ ಅಮ್ಮ ಹಾಸನಾಂಬೆಗೆ ಹರಕೆ ಹೊತ್ತಾಗಿತ್ತು. ವರ್ಷಕ್ಕೊಮ್ಮೆ, ಅದೂ ಕೆಲವೇ ದಿನ ಬಾಗಿಲು ತೆರೆಯೋ ದೇವಿ. ಆಮೇಲೆ ಜಿಪಿ, ಅಂದರೆ ಆ ಏರಿಯಾ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಒದ್ದಾಡಿದಾಗ ಅನಿಸಿತು, ಅಮ್ಮ ಸರಿಯಾದ ದೇವರನ್ನೇ ಹಿಡಿದಿದ್ದಾಳೆ.

ನಮ್ಮ ಸರ್ಜರಿಯ ಗೋಡೆ ನೋಡಿದರೆ ಮಾತ್ರ ಜಾತ್ರೆ. ಅಸ್ತಮಾ ಕ್ಲಿನಿಕ್ಕು, ಶುಗರ್ ಕ್ಲಿನಿಕ್ಕು, ಹಸುಗೂಸುಗಳ ಚುಚ್ಚುಮದ್ದು, ಮುದುಕರ ಫ್ಲೂ ಚುಚ್ಚುಮದ್ದು, ಊರಿಗೆ ಹೊರಟ ನಮ್ಮಂಥವರಿಗೆ ಟೈಫಾಯಿಡ್ ಚುಚ್ಚುಮದ್ದು, ಸಿಗರೇಟು ಬಿಡಿಸೋರು. ಎಲ್ಲಕ್ಕೂ ನರ್ಸಮ್ಮಂದಿರೇ. ಡಾಕ್ಟರು ಗರ್ಭಗುಡಿಯಲ್ಲಿ. ದರ್ಶನ ಸಿಕ್ಕರೆ ಹತ್ತು ನಿಮಿಷ, ಪ್ರಸಾದ ಪ್ಯಾರಾಸಿಟಮಾಲ್.

ನನಗೆ 40 ತುಂಬಿದ ಮೇಲೆ ಹೆಲ್ತ್ ಚೆಕ್ಕಿಗೆ ಬನ್ನಿ ಅಂತ ಕಾಗದ ಬಂತು. 74ರವರೆಗೆ ಐದು ವರ್ಷಕ್ಕೊಮ್ಮೆ, ಪುಕ್ಕಟೆ. ನರ್ಸು ಸೊಂಟಕ್ಕೆ ಟೇಪು ಸುತ್ತಿದಳು, ನಾನು ಉಸಿರು ಒಳಗೆಳೆದೆ. "ಬಿಡಿ ಸರ್, ನನಗೆ ಅವಸರವಿಲ್ಲ" ಅಂದಳು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿಎಂಐ, 24. ಬಿಳಿಯರಿಗೆ 25ರವರೆಗೂ ಮಾಫಿಯಂತೆ, ನಮ್ಮ ದಕ್ಷಿಣ ಏಷ್ಯಾದ ಹೊಟ್ಟೆಗಳಿಗೆ 23ಕ್ಕೇ ಗಂಟೆ ಬಾರಿಸ್ತಾರೆ. ಬಿಪಿ 148/94. ಬಿಳಿ ಕೋಟು ಕಂಡರೆ ಏರುವ ಬಿಪಿಯೂ ಇರುತ್ತೆ, ಮನೆಯಲ್ಲಿ ಎಷ್ಟಿರುತ್ತೋ ನೋಡೋಣ ಅಂದಳು. ಆಕೆ ಹಾಕಿಕೊಂಡಿದ್ದದ್ದು ನೀಲಿ ಬಟ್ಟೆ. ವಾದಿಸಲಿಲ್ಲ.

ಹಾಗೆ ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಎಡತೋಳಿಗೆ ಬಿಪಿ ಅಳೆಯೋ ಪಟ್ಟಿ, ಸೊಂಟಕ್ಕೆ ಡಬ್ಬಿ, ನಡುವೆ ಕೊಳವೆ ಬಂತು, ಮರುದಿನ ಹತ್ತರವರೆಗೆ. ಹಗಲು ಅರ್ಧ ಗಂಟೆಗೊಮ್ಮೆ, ರಾತ್ರಿ ಗಂಟೆಗೊಮ್ಮೆ ಪಟ್ಟಿ ತಾನಾಗೇ ಉಬ್ಬುತ್ತೆ. ಉಬ್ಬಿದಾಗ ಕೈ ಅಲ್ಲಾಡಿಸಬೇಡಿ, ಮಾತಾಡಬೇಡಿ. ನೀರು ತಾಕಿಸಬೇಡಿ. ಆ ಹೊತ್ತಿಗೆ ಏನು ಮಾಡ್ತಿದ್ರಿ ಅಂತ ಈ ಹಾಳೆಯಲ್ಲಿ ಬರೀರಿ. ಎಲ್ಲಕ್ಕೂ ತಲೆಯಾಡಿಸಿ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ರೀ, ಇವತ್ತು ಹುಣ್ಣಿಮೆ. ಸಂಜೆ ಸತ್ಯನಾರಾಯಣ ಪೂಜೆ. ಸ್ನಾನ ಹೇಗೆ ಮಾಡ್ತೀರಿ?"

ಮರೆತೇ ಹೋಗಿತ್ತು. ಪುರೋಹಿತರು, ಅಂದರೆ ಹಗಲು ಹೊತ್ತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋ ನಮ್ಮ ಭಟ್ಟರು, "ಅಪವಿತ್ರಃ ಪವಿತ್ರೋ ವಾ" ಅಂತ ನಾಲ್ಕು ಹನಿ ಚಿಮುಕಿಸಿ ಪಾಸು ಮಾಡಿದರು. ಪಂಚೆ, ಶಲ್ಯ ಹೊದ್ದು ಕೂತೆ. ಕೊಳವೆ ಹೆಗಲ ಮೇಲಿಂದ ಇಳಿದು ಎರಡನೇ ಜನಿವಾರದ ಹಾಗೆ ಕಾಣ್ತಿತ್ತು.

ಕಥೆ ಮುಗಿದು ಮಂಗಳಾರತಿಗೆ ಬಂತು. ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ. ಸರಿಯಾಗಿ ಏಳೂವರೆಗೆ ಡಬ್ಬಿ ಗುರ್ರ್ ಅಂತು. ನಾನು ಕಲ್ಲಾದೆ. ಗಂಟೆ ನಿಂತಿತು. "ಘಂಟಾನಾದ ಆಗಲಿ" ಅಂದರು ಭಟ್ಟರು. ನಾನು ಮಾತಾಡೋ ಹಾಗಿಲ್ಲ, ಕಣ್ಣಲ್ಲೇ ಡಬ್ಬಿ ತೋರಿಸಿದೆ. ಶಲ್ಯದ ಒಳಗಿದ್ದ ಡಬ್ಬಿ ಅವರಿಗೆಲ್ಲಿ ಕಾಣಬೇಕು?

ಬಂದವರಲ್ಲಿ ಒಬ್ಬ ಗೆಳೆಯ ವಾರದ ಹಿಂದಷ್ಟೇ ಆಫೀಸಿನಲ್ಲಿ ಫಸ್ಟ್ ಏಡ್ ಟ್ರೈನಿಂಗ್ ಮುಗಿಸಿ ಪೇಷೆಂಟಿಗಾಗಿ ಹಸಿದಿದ್ದ. ಮುಖ, ಕೈ, ಮಾತು, ಈ ಮೂರರಲ್ಲಿ ಒಂದು ಕೆಟ್ಟರೂ ಸ್ಟ್ರೋಕು, ತಕ್ಷಣ ಆಂಬುಲೆನ್ಸಿನ ನಂಬರು 999 ಒತ್ತಿ ಅಂತ ಇಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸ್ತಾರೆ. ನನ್ನ ಕೈ ಸೆಟೆದಿದೆ, ಮಾತಿಲ್ಲ. ಅವನು ಎದುರಿಗೆ ಬಂದು ಕೂತು, "ಎಲ್ಲಿ ಸರ್, ಒಂದ್ಸಲ ನಗಿ ನೋಡೋಣ" ಅಂದ. ನಕ್ಕೆ. ಪಟ್ಟಿ ತೋಳು ಹಿಂಡುತ್ತಿದ್ದಾಗ ನಕ್ಕಿದ್ದು ಸೊಟ್ಟಗೇ ಬಂತು. ಅವನು ಫೋನು ತೆಗೆದು ಎರಡು 9 ಒತ್ತಿದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ಸಪಾದದ ಪಾತ್ರೆ ಹಿಡಿದು ಬಂದ ಹೆಂಡತಿ, "ಅಯ್ಯೋ, ಅದು ಬಿಪಿ ಮಿಷಿನ್ ಕಣ್ರೀ!" ಅಂತ ಕೂಗಿದಳು. ಈ ಗಲಾಟೆಯಲ್ಲಿ ಕೈ ಅಲುಗಿ ರೀಡಿಂಗ್ ಕೆಟ್ಟಿತ್ತು. ಪಟ್ಟಿ ಇನ್ನೊಮ್ಮೆ ಉಬ್ಬಿತು. ಈ ಸಲ ಗಂಟೆಯನ್ನು ಆ ಗೆಳೆಯನ ಕೈಗೇ ಕೊಟ್ಟರು.

ರಾತ್ರಿಯಿಡೀ ಮಗನಿಗೆ ಕಿವಿನೋವು. ಬೆಳಿಗ್ಗೆ ಎಂಟಕ್ಕೆ ಸರ್ಜರಿಯ ಲೈನು ತೆರೆಯುತ್ತೆ, ಅಂದಿನ ಅಪಾಯಿಂಟ್‌ಮೆಂಟುಗಳೆಲ್ಲ ಆಗಲೇ ಹರಾಜು. ಎಂಟು ಹೊಡೆದ ಕೂಡಲೇ ಒತ್ತಿದರೂ ನಾನು 23ನೆಯವನು. ಕಾಯೋರಿಗೆ ಫೋನಿನಲ್ಲಿ ಹಾಕೋ ಪಿಟೀಲು ಕೇಳುತ್ತಾ ಎಡಗೈ ಚಾಚಿಕೊಂಡು ಕೂತೆ. 8.35ಕ್ಕೆ ರಿಸೆಪ್ಷನಿನ ಹೆಂಗಸು, "ಇವತ್ತಿನದು ಮುಗೀತು. ಮಕ್ಕಳ ಕಿವಿನೋವಿಗೆ ಫಾರ್ಮಸಿಗೇ ಹೋಗಬಹುದಲ್ಲ" ಅಂದಳು. ನಿಜ. 2024ರಿಂದ ಏಳು ಕಾಯಿಲೆಗೆ ಫಾರ್ಮಸಿಯವರೇ ನೋಡಿ ಔಷಧಿ ಕೊಡ್ತಾರೆ, ಅದರಲ್ಲಿ ಇದೂ ಒಂದು. ಆ ಮಾತನ್ನು ಪಿಟೀಲಿಗೆ ಮುಂಚೆಯೇ ಹೇಳಬಾರದಿತ್ತೇ?

ಹತ್ತಕ್ಕೆ ಡಬ್ಬಿ ವಾಪಸ್ ಕೊಟ್ಟೆ. ನರ್ಸು ಕಂಪ್ಯೂಟರಿಗೆ ಹಚ್ಚಿ ಗ್ರಾಫು ತೆಗೆದಳು. ಏಳೂವರೆಯ ಪೂಜೆಯ ಹತ್ತಿರ ಸಣ್ಣ ದಿಬ್ಬ. ರಾತ್ರಿ ಬಯಲು. ಬೆಳಿಗ್ಗೆ ಎಂಟರ ಹತ್ತಿರ ಮುಳ್ಳಯ್ಯನಗಿರಿ.

"ಇದೇನಿದು?" ಅಂತ ನಾನು ಬರೆದ ಹಾಳೆ ಎಳೆದುಕೊಂಡು ಓದಿದಳು. '8.00: ಸರ್ಜರಿಗೆ ಫೋನ್. 8.30: ಇನ್ನೂ ಸರ್ಜರಿಗೆ ಫೋನ್.'

ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಆ ಎರಡು ಬಿಟ್ಟು ಲೆಕ್ಕ ಹಾಕೋಣ" ಅಂದಳು.