ಕುರಿಯಿಲ್ಲದ ಊರಿಗೆ ಕುರಿನಾಯಿ

ಮಲೆನಾಡಿನಲ್ಲಿ ಕುರಿ ಸಾಕುವವರು ಕಡಿಮೆ. ಜೂನ್‌ನಲ್ಲಿ ಹಿಡಿದ ಮಳೆ ದೀಪಾವಳಿ ಹತ್ತಿರ ಬಂದರೂ ಪೂರ್ತಿ ಬಿಡುವುದಿಲ್ಲ. ಇಂಥ ಊರಲ್ಲಿ ಕುರಿಯ ಮೈ ಒಣಗುವುದು ಯಾವಾಗ, ಅಲ್ವಾ? ನಮ್ಮ ತೀರ್ಥಹಳ್ಳಿ ಕಡೆ ಕುರಿ ಕಂಡರೆ ಅದು ಲಾರಿಯ ಮೇಲೆ ಎಲ್ಲಿಗೋ ಹೋಗುತ್ತಿರುವ ಕುರಿ ಅಂತಲೇ ಲೆಕ್ಕ. ಅಂಥ ಊರಿಗೆ ನಮ್ಮ ಚಿಕ್ಕಪ್ಪ ಒಂದು ಜರ್ಮನ್ ಶೆಫರ್ಡ್ ಮರಿ ತಂದರು. ತೋಟದಲ್ಲಿ ಅಡಿಕೆ ಕಳ್ಳರ ಕಾಟ ಜಾಸ್ತಿಯಾಗಿತ್ತು. ರಾತ್ರೋರಾತ್ರಿ ಗೊನೆಗಳನ್ನೇ ಇಳಿಸಿಕೊಂಡು ಹೋಗುವ ಪುಣ್ಯಾತ್ಮರಿಗೆ ಕಂತ್ರಿ ನಾಯಿ ಸಾಲದು, ಪೊಲೀಸ್ ನಾಯಿಯೇ ಆಗಬೇಕು ಅನ್ನುವುದು ಅವರ ವಾದ.

ಕಾಗದದಲ್ಲಿ ಅದರ ಹೆಸರು ಬ್ರೂನೊ. ಅಜ್ಜಿಯ ಬಾಯಲ್ಲಿ ಒಂದೇ ದಿನಕ್ಕೆ ಬೂರಣ್ಣ ಆಯಿತು. ಈಗ ದನದ ಡಾಕ್ಟರ ಚೀಟಿಯಲ್ಲೂ ಬೂರಣ್ಣನೇ.

ಬಂದ ಹೊಸದರಲ್ಲಿ ಬೂರಣ್ಣನ ಕಿವಿ ಊರಿನ ಸಮಸ್ಯೆಯಾಗಿತ್ತು. ಪೊಲೀಸ್ ನಾಯಿ ಅಂದರೆ ಕಿವಿ ನಿಮಿರಿ ನಿಂತಿರಬೇಕು ಅಂತ ಎಲ್ಲರಿಗೂ ಗೊತ್ತು. ಇವನ ಕಿವಿ ಎರಡೂ ಜೋತು ಬಿದ್ದಿದ್ದವು. ಹಾಲು ಹಾಕಲು ಬಂದವರು, ಸೊಸೈಟಿಗೆ ಹೋಗುವವರು, ಎಲ್ಲರೂ ನಿಂತು ನೋಡಿ, "ಇದು ಒರಿಜಿನಲ್ ಅಲ್ಲ ಮಾರಾಯ್ರೆ" ಅಂದು ಹೋಗುತ್ತಿದ್ದರು. ಒಂದು ದಿನ ಬಲಗಿವಿ ಎದ್ದಿತು. ಚಿಕ್ಕಪ್ಪ ಊರಿಗೆಲ್ಲ ಫೋನ್ ಮಾಡಿದರು. ನೋಡಲು ಜನ ಬರುವಷ್ಟರಲ್ಲಿ ಅದು ಮಲಗಿ ಎಡಗಿವಿ ಎದ್ದಿತ್ತು. ಆಮೇಲೆ ಎರಡೂ ಎದ್ದು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ನಿಂತವು. ಡಾಕ್ಟರು ಇದಕ್ಕೆಲ್ಲ ನಕ್ಕರು. ಈ ಜಾತಿಯಲ್ಲಿ ಕಿವಿಯ ಮೃದು ಎಲುಬು ಗಟ್ಟಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೆ ಎದ್ದ ಕಿವಿಯೂ ಮತ್ತೆ ಮಲಗುವುದುಂಟು. ಸುಮ್ನೆ ಇರಿ ಅಂದರು. ಸುಮ್ನೆ ಇರುವುದು ನಮ್ಮ ಊರಿಗೆ ಗೊತ್ತಿಲ್ಲದ ಚಿಕಿತ್ಸೆ.

ಕಿವಿಗಿಂತ ದೊಡ್ಡ ವಿಷಯ ಒಂದಿತ್ತು. ಅದನ್ನು ಚಿಕ್ಕಪ್ಪನಿಗೆ ಯಾರೂ ಹೇಳಿರಲಿಲ್ಲ. ಈ ನಾಯಿಯ ಮೂಲ ಕಸುಬು ಕಳ್ಳರನ್ನು ಹಿಡಿಯುವುದಲ್ಲ, ಕುರಿ ಕಾಯುವುದು. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಎಂಬ ಜರ್ಮನಿಯ ಕುದುರೆ ಪಡೆಯ ಅಧಿಕಾರಿ ಒಂದು ನಾಯಿ ಪ್ರದರ್ಶನದಲ್ಲಿ ತೋಳದ ಹಾಗಿದ್ದ ಕುರಿನಾಯಿಯೊಂದನ್ನು ನೋಡಿ ಮರುಳಾಗಿ ಕೊಂಡುಕೊಂಡ. ಅದಕ್ಕೆ ಹೋರಾಂಡ್ ಅಂತ ಹೆಸರಿಟ್ಟು, ಅದನ್ನೇ ಈ ತಳಿಯ ಮೊದಲ ನಾಯಿ ಅಂತ ವಂಶಾವಳಿ ಪುಸ್ತಕದಲ್ಲಿ ಬರೆಸಿದ. ಪೊಲೀಸ್, ಮಿಲಿಟರಿ ಎಲ್ಲ ಆಮೇಲಿನ ನೌಕರಿ. ಅಲ್ಲಿಯ ಕುರಿಗಳು ಮೇಯುತ್ತಿದ್ದದ್ದು ಬೇಲಿಯಿಲ್ಲದ ಜಾಗದಲ್ಲಿ. ಪಕ್ಕದಲ್ಲೇ ಇನ್ನೊಬ್ಬರ ಬೆಳೆ. ನಾಯಿ ಬೆಳಗ್ಗೆಯಿಂದ ಸಂಜೆವರೆಗೆ ಮಂದೆಯ ಅಂಚಿನಲ್ಲಿ ಓಡಾಡುತ್ತಾ, ಒಂದು ಕುರಿಯೂ ಗೆರೆ ದಾಟದ ಹಾಗೆ ನೋಡಿಕೊಳ್ಳಬೇಕು. ಅಂದರೆ ನಾಯಿಯೇ ಬೇಲಿ. ದಿನವಿಡೀ ನಡೆಯುವ ಬೇಲಿ.

ಬೂರಣ್ಣ ನಮ್ಮ ಅಂಗಳದಲ್ಲಿ ನಿಂತು ಸುತ್ತ ನೋಡಿದ. ಕುರಿ ಇರಲಿಲ್ಲ. ನಾವಿದ್ದೆವು.

ಕಳ್ಳರು ಹೊರಗಿಂದ ಬರುವುದರ ಬಗ್ಗೆ ಅವನಿಗೆ ಅಷ್ಟು ಚಿಂತೆಯಿಲ್ಲ. ನಾವು ಒಳಗಿನಿಂದ ಹೊರಗೆ ಹೋಗುವುದೇ ಅವನಿಗೆ ಆಗದ ವಿಷಯ. ಸಂಜೆ ಎಲ್ಲರೂ ಜಗಲಿಯ ಮೇಲೆ ಕೂತರೆ ಅವನಿಗೆ ಪರಮಾನಂದ. ಒಬ್ಬರು ಎದ್ದು ಬಚ್ಚಲಿಗೆ ಹೋದರೆ ಬಾಗಿಲವರೆಗೂ ಹೋಗಿ ಕಾಯುತ್ತಾನೆ. ಅಪ್ಪ ತೋಟಕ್ಕೂ ಅಮ್ಮ ಕೊಟ್ಟಿಗೆಗೂ ಒಟ್ಟಿಗೆ ಹೊರಟರೆ ನಡುವೆ ನಿಂತು ಆ ಕಡೆ ಈ ಕಡೆ ನೋಡಿ ಕುಂಯ್‌ಗುಡುತ್ತಾನೆ. ಮಂದೆ ಒಡೆದುಹೋಯಿತಲ್ಲ ಅನ್ನುವ ಸಂಕಟ.

ಇದರ ನಿಜವಾದ ಪ್ರದರ್ಶನ ನೋಡಬೇಕಾದರೆ ಅಡಿಕೆ ಸುಲಿಯುವ ರಾತ್ರಿ ನಮ್ಮನೆಗೆ ಬರಬೇಕು. ಊಟ ಮುಗಿಸಿ ಹತ್ತಾರು ಜನ ಬಂದು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಾರೆ. ಬಲ್ಬಿನ ಕೆಳಗೆ ಕಟ್ ಕಟ್ ಸದ್ದು, ಜತೆಗೆ ಊರಿನ ಎಲ್ಲರ ಸಂಸಾರದ ಸುದ್ದಿ. ಬೂರಣ್ಣನ ಕಣ್ಣಿಗೆ ಇದು ಹಿಂದೆಂದೂ ಕಾಣದ ಭರ್ಜರಿ ಮಂದೆ. ಮೊದಲ ರಾತ್ರಿ ಒಬ್ಬರು ಬಾಯಲ್ಲಿದ್ದ ಕವಳ ಉಗಿಯಲು ಎದ್ದರು. ಇವನೂ ಎದ್ದ. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ಹೊರಗಿನಿಂದ ಅರ್ಧ ಸುತ್ತು ಹಾಕಿ ಬಂದು, ಅವರ ಮೊಣಕಾಲಿಗೆ ತನ್ನ ಹೆಗಲು ಕೊಟ್ಟು, ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡು ಮೆಲ್ಲಗೆ ನೂಕತೊಡಗಿದ. ಅವರು ಎಡಕ್ಕೆ ಸರಿದರೆ ಇವನೂ ಎಡಕ್ಕೆ. ಬಲಕ್ಕೆ ಸರಿದರೆ ಬಲಕ್ಕೆ. ಬಾಯಿ ತುಂಬ ರಸ ಇರುವಾಗ ಮನುಷ್ಯ ಬೈಯುವುದಾದರೂ ಹೇಗೆ? "ಊಂ ಊಂ" ಅನ್ನುತ್ತಾ ಹೋಗಿ ಮತ್ತೆ ತಮ್ಮ ಮೆಟ್ಟುಗತ್ತಿಯ ಮುಂದೆಯೇ ಕೂತರು. ಆ ರಾತ್ರಿ ಯಾರೂ ಎದ್ದು ಹೋಗಲಿಲ್ಲ. ಎಂದೂ ಆಗದಷ್ಟು ಅಡಿಕೆ ಸುಲಿದಾಯಿತು. ಅಪ್ಪನ ಮುಖದಲ್ಲಿ ಅಂಥ ನಗು ನಾನು ಕಂಡದ್ದು ರಾಶಿ ಇಡಿ ಅಡಿಕೆಯ ರೇಟು ಏರಿದಾಗ ಮಾತ್ರ.

ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡಗಳ ಹತ್ತಿರ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಗಿಡ್ಡ ಹೆಸರಿಗೆ ಗಿಡ್ಡ. ಬೇಲಿ ಹಾರುವುದು, ದಣಪೆ ನುಗ್ಗುವುದು, ಗದ್ದೆಗಿಳಿದು ಏನೂ ಆಗದವರ ಹಾಗೆ ನಿಲ್ಲುವುದು, ಎಲ್ಲದರಲ್ಲೂ ಪಳಗಿದ ದನ. ಬೂರಣ್ಣ ಜರ್ಮನಿಯ ಕ್ರಮದಲ್ಲಿ ಗೆರೆ ಹಿಡಿದು ಓಡಾಡಿದ. ಕೌಲಿ ಅನ್ನುವ ಹಸು ಸ್ವಲ್ಪ ಹೊತ್ತು ನೋಡಿತು. ಆಮೇಲೆ ತಲೆ ತಗ್ಗಿಸಿ ಅವನನ್ನೇ ಕೊಟ್ಟಿಗೆಯ ಒಳಗೆ ಅಟ್ಟಿತು. ಅಂದಿನಿಂದ ದನ ಮೇಯಲು ಬಿಡುವ ಹೊತ್ತಿಗೆ ಬೂರಣ್ಣನಿಗೆ ಮನೆಯ ಹಿಂದುಗಡೆ ತುರ್ತು ಕೆಲಸ ಇರುತ್ತದೆ.

ರಾತ್ರಿ ಕಾವಲಿನ ಕಥೆ ಇನ್ನೊಂದು. ನಮ್ಮ ಗುಡ್ಡದಲ್ಲಿ ಚಿರತೆ ಇದೆ. ಚಿರತೆಗೆ ನಾಯಿ ಅಂದರೆ ಬಾಯಲ್ಲಿ ನೀರು. ಜರ್ಮನಿಯದೋ ತೀರ್ಥಹಳ್ಳಿಯದೋ ಅಂತ ಅದು ಕೇಳುವುದಿಲ್ಲ. ಹಾಗಾಗಿ ಕತ್ತಲಾದ ಕೂಡಲೇ ಬೂರಣ್ಣನನ್ನು ಒಳಗೆ ಹಾಕಿ ಅಗಳಿ ಹಾಕುತ್ತೇವೆ. ಕಳ್ಳರಿಂದ ತೋಟ ಕಾಯಲು ಬಂದವನು ನಡುಮನೆಯಲ್ಲಿ ಕಂಬಳಿಯ ಮೇಲೆ ಗೊರಕೆ ಹೊಡೆಯುತ್ತಾನೆ. ಚಿಕ್ಕಪ್ಪ ಟಾರ್ಚ್ ಹಿಡಿದು ತೋಟ ಸುತ್ತುತ್ತಾರೆ.

ಬುದ್ಧಿಯೇನೋ ಬಹಳ. ಕೆನಡಾದಲ್ಲಿ ಪ್ರೊಫೆಸರ್ ಆಗಿದ್ದ ಸ್ಟಾನ್ಲಿ ಕೋರೆನ್ 1994ರಲ್ಲಿ ನಾಯಿ ತಳಿಗಳ ಬುದ್ಧಿಗೆ ರ‍್ಯಾಂಕ್ ಕೊಟ್ಟಾಗ ಇವರ ಜಾತಿಗೆ ಮೂರನೇ ಸ್ಥಾನ ಸಿಕ್ಕಿತ್ತು. ಹೊಸ ಮಾತೊಂದನ್ನು ಐದು ಸಲ ಹೇಳುವ ಮೊದಲೇ ಕಲಿಯುತ್ತವಂತೆ. ನಿಜ. ಆದರೆ ಏನು ಕಲಿಯಬೇಕು ಅನ್ನುವುದನ್ನು ಅವರೇ ಆರಿಸಿಕೊಳ್ಳುತ್ತಾರೆ. ಬೂರಣ್ಣ "ಕೂತ್ಕೊ" ಕಲಿತ. ಅದೇ ವಾರ ಅಡುಗೆಮನೆ ಬಾಗಿಲ ಚಿಲಕ ತೆಗೆಯುವುದನ್ನೂ ಕಲಿತ. ಈ ತಲೆಗೆ ಕೆಲಸ ಕೊಡದಿದ್ದರೆ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾಕಿಂಗ್ ತಪ್ಪಿದ ದಿನ ನನ್ನ ಒಂದು ಚಪ್ಪಲಿ ಬಾವಿಕಟ್ಟೆಯ ಹತ್ತಿರ, ಇನ್ನೊಂದು ಗೊಬ್ಬರ ಗುಂಡಿಯಲ್ಲಿ. ಬೆಳಗ್ಗೆ ಸಂಜೆ ಸರಿಯಾಗಿ ಓಡಾಡಿಸಿ, ನಡುವೆ ಏನಾದರೂ ಬಚ್ಚಿಟ್ಟು ಹುಡುಕಿಸಿದರೆ ಮಾತ್ರ ಮನೆಗೆ ಶಾಂತಿ.

ಇನ್ನು ಕೂದಲು. ಇವನ ಮೈಮೇಲೆ ಎರಡು ಪದರ ಇದೆ. ಮೇಲೆ ಒರಟು ಕೂದಲು, ಒಳಗೆ ದಟ್ಟ ಉಣ್ಣೆ. ವರ್ಷಕ್ಕೆ ಎರಡು ಸಲ ಒಳಗಿನದು ಜಾಸ್ತಿ ಉದುರುತ್ತದೆ, ಉಳಿದ ದಿನ ಸುಮಾರಾಗಿ ಉದುರುತ್ತದೆ. ಉದುರದ ದಿನ ಅಂತ ಇಲ್ಲ. ನಮ್ಮನೆ ನೀರುದೋಸೆಯಲ್ಲಿ ಕೂದಲು ಸಿಕ್ಕರೆ ಈಗ ಯಾರೂ ಅಮ್ಮನನ್ನು ನೋಡುವುದಿಲ್ಲ. ಸೆಖೆಗೆ ಪಾಪ ಅಂತ ಬೋಳಿಸಲು ಹೊರಟ ಚಿಕ್ಕಪ್ಪನನ್ನು ಡಾಕ್ಟರು ತಡೆದರು. ಆ ಪದರವೇ ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಚರ್ಮಕ್ಕೆ ತೊಂದರೆ. ದಿನಾ ಬಾಚಬೇಕು, ಅಷ್ಟೇ. ಮಲೆನಾಡಿನ ಕಷ್ಟ ಬೇರೆಯದು. ಮೇಲೆ ಒಣಗಿದಂತೆ ಕಂಡರೂ ಒಳಗಿನ ಉಣ್ಣೆ ಒದ್ದೆಯಾಗೇ ಇರುತ್ತದೆ. ಹಾಗೇ ಬಿಟ್ಟರೆ ಚರ್ಮ ಕೆಂಪಾಗಿ ಕೀವು ಹಿಡಿಯುತ್ತದೆ. ಆದ್ದರಿಂದ ಆಷಾಢದಲ್ಲಿ ಬೂರಣ್ಣನನ್ನು ಬುಡದವರೆಗೆ ಒರೆಸಿ ಒಣಗಿಸುವುದು ಒಂದು ಆಳಿನ ಕೆಲಸ. ಅವನು ತನ್ನದೇ ಉಪಾಯ ಕಂಡುಕೊಂಡಿದ್ದಾನೆ. ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಹೊರಳುತ್ತಾನೆ. ಒಲೆಗೆ ಕಪ್ಪು-ಕಂದು ನಾಯಿ ಹೋಗಿ ಬೂದು ನಾಯಿ ಹೊರಬರುತ್ತದೆ. ಬಂದವರು, "ಇನ್ನೊಂದು ತಂದ್ರಾ?" ಅಂತ ಕೇಳುತ್ತಾರೆ.

ಮಳೆ ಹಿಡಿದರೆ ಇಂಬಳ ಅನ್ನುವ ಜಿಗಣೆ, ಬಿಟ್ಟರೆ ಉಣುಗು ಅನ್ನುವ ರಕ್ತ ಹೀರುವ ಹುಳ. ಇಂಬಳ ಒಮ್ಮೆ ಮೂಗಿನೊಳಗೇ ಸೇರಿ, ಬೂರಣ್ಣ ಸೀನಿದಲ್ಲೆಲ್ಲ ರಕ್ತದ ರಂಗೋಲಿ. ಅಜ್ಜಿ ಹೊಗೆಸೊಪ್ಪು ಹಿಡಿದು ಬಂದರು. ಡಾಕ್ಟರು ಬರುವ ತನಕ ಅವರನ್ನು ದೂರ ಇಡುವುದೇ ಹೆಚ್ಚು ಕಷ್ಟವಾಯಿತು. ಉಣುಗು ಮಾತ್ರ ತಮಾಷೆಯಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆಯಿಂದಾಗಿ ನಮ್ಮ ಜಿಲ್ಲೆಯವರಿಗೆ ಉಣುಗಿನ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ. ಅದನ್ನು ಹರಡುವುದು ಕಾಡಿನ ಉಣುಗು. ನಾಯಿಯ ಮೈಯ ಕಂದು ಉಣುಗು ತರುವುದು ಎರ್ಲಿಕಿಯೋಸಿಸ್ ಎಂಬ ಇನ್ನೊಂದು ಕಾಯಿಲೆ. ಜ್ವರ, ಊಟ ಬೇಡ, ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ. ಜರ್ಮನ್ ಶೆಫರ್ಡ್‌ಗಳಿಗೆ ಇದು ಉಳಿದವಕ್ಕಿಂತ ಜೋರಾಗಿ ಬರುತ್ತದೆ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆ ಕೆಲಸ ಮಾಡುತ್ತದೆ. ಅದಕ್ಕೇ ದಿನಾ ಸಂಜೆ ಕಿವಿ, ಬೆರಳ ಸಂದಿ, ಬಾಲದ ಬುಡ ತಪಾಸಣೆ. ಅಮ್ಮ ಟಿವಿಯ ಮೇಲೆ ಕಣ್ಣಿಟ್ಟು, ಕೈಯಲ್ಲಿ ಉಣುಗು ಹೆಕ್ಕಿ ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಾರೆ. ಧಾರಾವಾಹಿಯಲ್ಲಿ ಅತ್ತೆ ಜೋರು ಮಾಡಿದರೆ ಬೂರಣ್ಣನ ಕಿವಿಗೂ ಜೋರು.

ಅಡಿಕೆ ತಿಂದದ್ದು ಕೊಯ್ಲಿನ ಕಾಲದಲ್ಲಿ. ಹಸಿ ಅಡಿಕೆ ಜಗಿದು, ಬಾಯಿಂದ ಹಗ್ಗದ ಹಾಗೆ ಜೊಲ್ಲು ಇಳಿಸುತ್ತಾ, ಜಗಲಿ, ಅಂಗಳ, ಕಡೆಗೆ ಚಿಕ್ಕಪ್ಪನ ಬೈಕಿನ ಪಕ್ಕ, ಎಲ್ಲೆಲ್ಲೂ ಬೇಧಿ ಮಾಡಿದ. ನಾವು ಗಾಬರಿಯಿಂದ ಫೋನ್ ಮಾಡಿದೆವು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಒಂದು ವಿಷಯ ಹೇಳಿದರು. ಅಡಿಕೆಯಲ್ಲಿರುವ ಅರೆಕೊಲಿನ್ ಅನ್ನು ಹಿಂದೆ ನಾಯಿಗಳಿಗೆ ಲಾಡಿಹುಳ ಬೀಳಿಸಲು ಔಷಧಿಯಾಗಿ ಕೊಡುತ್ತಿದ್ದರಂತೆ. ಜಾಸ್ತಿಯಾದರೆ ಜೀವಕ್ಕೇ ಅಪಾಯ, ಈಗ ಒಳ್ಳೆಯ ಮಾತ್ರೆಗಳು ಬಂದಿವೆ. ಅಪ್ಪ ಅಷ್ಟನ್ನೂ ಕೇಳಿ, "ಹಾಗಾದ್ರೆ ನಮ್ಮಡಿಕೆ ಕ್ವಾಲಿಟಿ ಇದೆ ಅಂತಾಯ್ತು" ಅಂದರು.

ಎಲ್ಲಕ್ಕಿಂತ ನಾವು ಹೆದರುವುದು ಹೊಟ್ಟೆ ತಿರುಚಿಕೊಳ್ಳುವುದಕ್ಕೆ. ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಗಿಬಿಡುತ್ತದೆ. ಹೊಟ್ಟೆ ಉಬ್ಬುತ್ತದೆ, ವಾಂತಿಗೆ ಓಕರಿಸಿದರೂ ಏನೂ ಬರುವುದಿಲ್ಲ. ಆಪರೇಷನ್ ಆಗದಿದ್ದರೆ ಕೆಲವೇ ಗಂಟೆ. ನಮ್ಮೂರಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರಿಗೂ ಮೇಲೆ, ಅದರಲ್ಲಿ ಎಷ್ಟು ತಿರುವು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಊಟವನ್ನು ಭಾಗ ಮಾಡಿ ಕೊಡುತ್ತೇವೆ, ಊಟವಾದ ಮೇಲೆ ಓಟ ಇಲ್ಲ.

ಸೊಂಟದ್ದು ನಿಧಾನದ ಕಷ್ಟ. ತೊಡೆ ಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಸರಿಯಾಗಿ ಕೂರದಿರುವುದು ಈ ಜಾತಿಯಲ್ಲಿ ವಂಶದಿಂದ ಬರುವ ತೊಂದರೆ. ಮರಿ ತರುವಾಗ ತಂದೆ ತಾಯಿಯ ಸೊಂಟದ ಎಕ್ಸ್‌ರೇ ಕೇಳಬೇಕು. ಚಿಕ್ಕಪ್ಪ ತಂದೆಯ ಫೋಟೋ ನೋಡಿ ಬಂದಿದ್ದರು. ಜತೆಗೆ ನಮ್ಮನೆಯದು ಅಜ್ಜಿ ಮದುವೆಯಾಗಿ ಬಂದಾಗಿನಿಂದ ಒರೆಸಿ ಒರೆಸಿ ಕನ್ನಡಿಯಾದ ರೆಡ್ ಆಕ್ಸೈಡ್ ನೆಲ. ಮರಿ ಓಡಿ ಬಂದರೆ ನಾಲ್ಕು ಕಾಲು ನಾಲ್ಕು ದಿಕ್ಕು. ಈಗ ನಡುಮನೆಯಿಂದ ದೇವರ ಮನೆ ತನಕ ಗೋಣಿಚೀಲ ಹಾಸಿದೆ. ಬಂದ ನೆಂಟರು ಅಡಿಕೆ ಒಣಗಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಸೊಂಟ ಉಳಿಯಬೇಕಾದರೆ ತೂಕ ಏರಬಾರದು. ಈ ತಳಿಯ ಗಂಡು 30ರಿಂದ 40 ಕೆಜಿ ಒಳಗೆ ಇರಬೇಕು. ನಾವು ಅಳೆದು ಹಾಕಿದರೂ ಬೂರಣ್ಣನ ತೂಕ ಏರುತ್ತಲೇ ಇತ್ತು. ಕಾರಣ ಅಜ್ಜಿ. ತಮಗೆ ಶುಗರ್ ಅಂತ ತಮ್ಮ ಡಾಕ್ಟರು ಬಿಡಿಸಿದ್ದ ಕಡುಬು, ತುಪ್ಪ, ದೋಸೆಯನ್ನೆಲ್ಲ ಕಿಟಕಿಯಿಂದ ಇವನಿಗೆ ಸಾಗಿಸುತ್ತಿದ್ದರು. ಮಂದೆಯಲ್ಲಿ ಅಜ್ಜಿ ಎಲ್ಲಿ ಕೂತರೂ ಅವನು ಅಲ್ಲೇ ಯಾಕೆ ಬೇಲಿ ಹಾಕುತ್ತಿದ್ದ ಅಂತ ಆಗ ತಿಳಿಯಿತು. ಮೊನ್ನೆ ಡಾಕ್ಟರು ಮನೆಗೇ ಬಂದರು. ಅಡಿಕೆ ತೂಗುವ ಯಂತ್ರದ ಮೇಲೆ ನಾಲ್ಕು ಜನ ಸೇರಿ ಬೂರಣ್ಣನನ್ನು ನಿಲ್ಲಿಸಿದೆವು. 46 ತೋರಿಸಿತು. ಡಾಕ್ಟರು ಗಂಭೀರವಾಗಿ ಬರೆದುಕೊಳ್ಳಲು ಹೊರಟರು. ಜಗಲಿಯಿಂದ ಅಜ್ಜಿ ಕೂಗಿದರು.

"ತಡೀರಿ ಡಾಕ್ಟ್ರೇ. ಕೂದಲಿಗೆ ಎರಡು ಕೆಜಿ ಸೂಟು ಕಳೀರಿ. ಮಂಡಿಯಲ್ಲಿ ನಮ್ಮಡಿಕೆಗೆ ಕಳೆಯಲ್ವಾ?"